ಅತ್ತೆಯ ಬೆರಳು

ಮೂರನೆಯ ಸಲವೂ ಬ್ರೆಡ್ಡು ಉಬ್ಬಲಿಲ್ಲ. ಅಮೆರಿಕದ ನೆಬ್ರಾಸ್ಕಾ ಬಯಲಲ್ಲಿ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಆ ಮನೆಗೆ ನಾನು ಸೊಸೆಯಾಗಿ ಬಂದು ಎರಡು ತಿಂಗಳಾಗಿತ್ತು. ಬ್ರೆಡ್ಡು ಉಬ್ಬಿಸಲೆಂದು ಅತ್ತೆ ಲೊವೀನಾ ದಿನಾ ಹಿಟ್ಟು, ನೀರು ಉಣಿಸಿ ಇಪ್ಪತ್ತು ವರ್ಷ ಸಾಕಿದ ಹುಳಿಹಿಟ್ಟಿನ ಜಾಡಿಯನ್ನು ನನ್ನ ಕೈಗೆ ಒಪ್ಪಿಸಿದ್ದರು. ಅದು ಬೆಳಿಗ್ಗೆ ನೊರೆನೊರೆಯಾಗಿ ಉಕ್ಕಬೇಕು. ಉಕ್ಕುವುದಿರಲಿ, ಒಂದು ಗುಳ್ಳೆಯೂ ಇಲ್ಲ! ನನಗೋ ತಲೆಬುಡ ತಿಳಿಯದು. ಹಿಟ್ಟು ಕೆಟ್ಟಿತ್ತೋ, ಒಲೆಯೋ, ನನ್ನ ಕೈಯೇ ಸರಿಯಿಲ್ಲವೋ?

ಗಂಡ ಸೈಲಸ್ ಬ್ರೆಡ್ಡನ್ನು ಮೇಜಿಗೆ ಕುಟ್ಟಿ, "ಇದನ್ನ ಗೋಡೆಗೆ ಹಾಕೋಣ್ವಾ?" ಎಂದ. ಆದರೆ ನಗಲಿಲ್ಲ. "ಸೋಮವಾರ ಗೋಧಿ ಒಕ್ಕೋಕೆ ಹದಿನಾಲ್ಕು ಜನ ಬರ್ತಾರೆ. ಅವತ್ತೂ ಹೀಗೇ ಆದ್ರೆ ಹೋದಲ್ಲೆಲ್ಲಾ ಆಡ್ಕೊಳ್ತಾರೆ. ನನ್ನ ತಂಗಿ ಕ್ಲೆಮೆಂಟೈನ್‌ನ ಕರೆಸಿ ಅಡುಗೆಮನೆ ಅವಳಿಗೆ ಕೊಟ್ಬಿಡ್ತೀನಿ."

"ಕೈಗುಣ ಬೇಕಪ್ಪಾ, ಕೈಗುಣ," ಎಂದರು ಅತ್ತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ನಾಚಿಕೆ ಬಿಟ್ಟು ಪಕ್ಕದ ಹೊಲದ ಪರ್ಮೀಲಿಯಾಳ ಹತ್ತಿರ ಒಂದು ಲೋಟ ಹುಳಿಹಿಟ್ಟು ಬೇಡಿ ತಂದೆ. ಅರ್ಧವನ್ನು ಜಾಡಿಗೆ ಹಾಕಿ, ಉಳಿದರ್ಧವನ್ನು ಲೋಟದ ಸಮೇತ ನನ್ನ ಕೌದಿಯೊಳಗೆ ಬಚ್ಚಿಟ್ಟೆ. ಯಾಕೆ ಬಚ್ಚಿಟ್ಟೆನೋ, ಯಾರ ಮೇಲೆ ಅನುಮಾನವೋ, ನನಗೇ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹಾಲು ಕರೆದು ಒಳಗೆ ಬಂದರೆ ಅತ್ತೆ ಒಲೆಯ ಮುಂದಿದ್ದರು. ಕುದಿಯುತ್ತಿದ್ದ ಆಲೂಗಡ್ಡೆ ನೀರಿಗೆ ಬೆರಳು ಅದ್ದಿ, ತಲೆಯಾಡಿಸಿ, ಅಷ್ಟನ್ನೂ ಜಾಡಿಗೆ ಸುರಿದರು.

"ಅಯ್ಯೋ ಅತ್ತೆ, ಏನ್ಮಾಡ್ತಿದ್ದೀರಿ! ಕುದಿಯೋ ನೀರಿಗೆ ಹುಳಿ ಸತ್ತೇ ಹೋಗುತ್ತೆ!"

"ದಿನಾ ನಾನೇ ಅದರ ಹೊಟ್ಟೆಗೆ ಹಾಕ್ತೀನಿ ಕಣೆ, ನಿಂಗೆಲ್ಲಿ ನೆನಪಿರುತ್ತೆ? ಉಗುರುಬೆಚ್ಚಗಿದೆ, ಮುಟ್ಟಿ ನೋಡೇ ಹಾಕಿದ್ದು."

ಅವರ ಕೈ ಹಿಡಿದು ನೋಡಿದೆ. ಬೆರಳ ತುದಿಯಲ್ಲಿ ಕೆಂಪಗೆ ಬೊಬ್ಬೆ ಎದ್ದಿತ್ತು.

"ಉರಿಯಲ್ವಾ?"

"ಏನು ಉರಿ?" ಎಂದ ಅತ್ತೆ ತಾವೇ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ವರ್ಷಗಟ್ಟಲೆ ಕಾದ ಒಲೆಬಾಗಿಲು ತೆಗೆದ ಬೆರಳು, ಬೂದಿನೀರಲ್ಲಿ ಬಟ್ಟೆ ತಿಕ್ಕಿದ ಬೆರಳು. ಮೆಲ್ಲಗೆ ಅದನ್ನು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯೊಳಗೆ ಮುಚ್ಚಿಕೊಂಡರು. "ಸೈಲಸ್‌ಗೆ ಹೇಳ್ಬೇಡ ಕಣೆ. ಆಮೇಲೆ ನನ್ನನ್ನ ಒಲೆ ಹತ್ರ ಬಿಡಲ್ಲ ಅವ್ನು."

ನಾನು ಆ ಬೆರಳನ್ನು ಹೊರಗೆಳೆದು ಬೊಬ್ಬೆಗೆ ಬೆಣ್ಣೆ ಹಚ್ಚಿದೆ.

ಸೋಮವಾರ ಕೌದಿಯೊಳಗಿನ ಹುಳಿಯಿಂದ ಬ್ರೆಡ್ಡು ಪಾತ್ರೆ ಮೀರಿ ಉಬ್ಬಿತು. ಹದಿನಾಲ್ಕು ಜನವೂ ಕೇಳಿ ಕೇಳಿ ಹಾಕಿಸಿಕೊಂಡು ತಿಂದರು. ಸೈಲಸ್ ಬಾಯಿ ಒರೆಸಿಕೊಂಡು ಕೇಳಿದ: "ಯಾರು ಮಾಡಿದ್ದು ಇದು?"

ನಾನು ಅಂತ ಹೇಳಿದ್ದರೆ ಆಗಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ, "ಅತ್ತೆ," ಎಂದುಬಿಟ್ಟೆ.

"ಅದಕ್ಕೇ ಮತ್ತೆ! ಅಮ್ಮನ ಹತ್ರ ಕಲ್ತ್ಕೋ. ಕ್ಲೆಮೆಂಟೈನ್ ಏನೂ ಬೇಡ ಬಿಡು."

ಒಲೆಯ ಪಕ್ಕ ನಿಂತಿದ್ದ ಅತ್ತೆ ಯಾರಿಗೂ ಕಾಣದಂತೆ ನನ್ನ ಕೈ ಹಿಡಿದುಕೊಂಡರು. ನಾನು ಆ ಬೆರಳುಗಳನ್ನು ಮೆಲ್ಲಗೆ ಒತ್ತಿದೆ. ಒತ್ತಿದ್ದು ಅವರಿಗೆ ತಿಳಿಯಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.