ಆರನೆಯ ಹೆಗಲು

"ಹುಷಾರು, ಹಿಮ ಬಿದ್ದು ಮೆಟ್ಟಿಲೆಲ್ಲ ಜಾರ್ತಿದೆ!" ಎಂದು ಪಾದ್ರಿ ಕೂಗುವಷ್ಟರಲ್ಲಿ ಶವಪೆಟ್ಟಿಗೆ ಒಂದು ಕಡೆಗೆ ವಾಲಿತು. ಆರು ಜನ ಬೇಕಿದ್ದಲ್ಲಿ ಹೊರಲು ಬಂದವರು ಐದೇ ಜನ. ಹಿಂದಿನಿಂದ ಎತ್ತರದ ಮುದುಕನೊಬ್ಬ ದಾಪುಗಾಲು ಹಾಕಿ ಬಂದು ಖಾಲಿ ಮೂಲೆಗೆ ಹೆಗಲು ಕೊಟ್ಟ.

ತೀರಿಕೊಂಡವನು ಎಟ್ಟೊರೆ ಸ್ಕಲ್ಜೊ. ಚೆಂಡು ಉರುಳಿಸಿ ಗೂಟ ಕೆಡವುವ ಬೌಲಿಂಗ್ ಆಟದ ಅಂಗಡಿಯ ಯಜಮಾನ. ಒಂದು ಕಾಲಕ್ಕೆ ಕ್ಯಾನಲ್‌ಟನ್ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಒಡೆಯ.

"ಲೀಗಿನವ್ರು ಯಾರೂ ಬರ್ಲಿಲ್ವಾ?" ಪಕ್ಕದ ಮನೆಯಾಕೆ ಪಿಸುಗುಟ್ಟಿದಳು.

"ಹೂವು ಬಂದಿದೆ. ಹೆಸರು ತಪ್ಪು ಬರ್ದಿದಾರೆ," ಎಂದಳು ಎಟ್ಟೊರೆಯ ತಂಗಿ ಕೊಂಚೆತ್ತಾ. ಅಷ್ಟರಲ್ಲಿ ಮುದುಕನ ಮುಖ ಕಂಡಿತು. "ಅಯ್ಯೋ, ಫರ್ಗಸ್ ಡೂಲಿ!"

\*

ಎಟ್ಟೊರೆಯ ತಂಡದಲ್ಲಿ ಆಡುತ್ತಿದ್ದ ಕಾಲದಲ್ಲಿ ಡೂಲಿಯ ಕೈಗೆ ಚೆಂಡು ಸಿಕ್ಕರೆ ಮುಗಿಯಿತು. ತಂಡ ಒಂದು ಅಂಕ ಮುಂದಿದ್ದರೆ ಸಾಕು, ಕೊನೆಯವರೆಗೂ ಪುಟಿಸುತ್ತಲೇ ಇರುತ್ತಿದ್ದ. ಗೆಲುವು ಸಿಗುತ್ತಿತ್ತು. ಆದರೆ ಜನ ಬೇಸತ್ತು ಕಡಲೆಕಾಯಿ ಸಿಪ್ಪೆ ಎಸೆದು ಎದ್ದು ಹೋಗುತ್ತಿದ್ದರು.

ಕೈಗೆ ಬಂದ ಚೆಂಡನ್ನು ಇಂತಿಷ್ಟು ಹೊತ್ತಿನೊಳಗೆ ಬುಟ್ಟಿಗೆ ಎಸೆಯಲೇಬೇಕು, ಅದಕ್ಕೊಂದು ಗಡಿಯಾರ ಇಡಬೇಕು ಎಂದು ಎಟ್ಟೊರೆ ಹಟ ಹಿಡಿದ.

"ಚೆಂಡು ಬಿಡದೇ ಇರೋದೇ ನನ್ನ ಕಸುಬು, ಯಜಮಾನ್ರೆ. ಇದು ಬಂದ್ರೆ ನನ್ನ ಗತಿ?"

"ಗೊತ್ತು ಕಣೋ."

"ಗೊತ್ತಿದ್ದೂನಾ?"

"ಖಾಲಿ ಕುರ್ಚಿಗಳ ಮುಂದೆ ಗೆದ್ದು ಏನ್ ಮಾಡೋಣ?"

ನಿಯಮ ಬಂತು. ಓಡಲಾರದ ಡೂಲಿ ಮರುವರ್ಷವೇ ಮನೆ ಸೇರಿದ. ಆಟ ಚುರುಕಾಯಿತು, ದೊಡ್ಡ ನಗರಗಳಲ್ಲಿ ಜನ ಕಿಕ್ಕಿರಿದರು. ಅಲ್ಲಿನ ತಂಡಗಳ ಜೊತೆ ಹೆಣಗಲು ಆಗದೆ ಎಟ್ಟೊರೆ ತಂಡವನ್ನು ಮಾರಿದ. ಅದೂ ಊರು ಬಿಟ್ಟಿತು. ಅವನಿಗೆ ಉಳಿದದ್ದು ಬೌಲಿಂಗ್ ಅಂಗಡಿ, ಕೌಂಟರಿನ ಮೇಲೊಂದು ಟಿವಿ.

\*

ಮಣ್ಣು ಮುಗಿಸಿ ಬಂದವರು ಅಂಗಡಿಯಲ್ಲೇ ಊಟಕ್ಕೆ ನಿಂತರು.

"ಟಿವೀಲಿ ಆಟ ಬಂದಾಗೆಲ್ಲ ಅಣ್ಣ ನಿನ್ನ ಹೆಸರೆತ್ತೋನು," ಎಂದಳು ಕೊಂಚೆತ್ತಾ. "ಡೂಲಿ ಥರ ಚೆಂಡು ಆಡ್ಸೋನು ಒಬ್ನೂ ಇಲ್ಲ ಅನ್ನೋನು."

"ನನ್ಗೆ ಒಂದು ಫೋನ್ ಮಾಡ್ಬಹುದಿತ್ತು."

"ನೀನೂ ಮಾಡ್ಬಹುದಿತ್ತು."

ಡೂಲಿ ಬಾಗಿಲ ಕಡೆ ತಿರುಗಿದ.

"ಎಲ್ಲಿಗೆ? ತಿಂದು ಹೋಗು, ಮಾರಾಯ. ಮಾಡಿದ್ದೆಲ್ಲ ಹಾಗೇ ಉಳ್ದಿದೆ."

ಅವಳು ಕೌಂಟರಿನ ತುದಿಯ ಸ್ಟೂಲನ್ನು ಎಳೆದು, ಮೆಣಸಿನಕಾಯಿ ಹಾಕಿ ಹುರಿದ ಸಾಸೇಜು, ಬ್ರೆಡ್ಡು ಬಡಿಸಿದಳು. ಹೊರಗೆ ಕಾರುಗಳು ಒಂದೊಂದಾಗಿ ಹೊರಟವು. ಡೂಲಿ ತಲೆ ಎತ್ತದೆ ತಿನ್ನತೊಡಗಿದ. ಪಕ್ಕದ ಖಾಲಿ ಸ್ಟೂಲಿನ ಮೇಲಿಟ್ಟ ಅವನ ಟೋಪಿಯ ಹಿಮ ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.