ಕೆಂಪಾದ ತುಪ್ಪ

ಉಜ್ಬೇಕಿಸ್ತಾನದ ಫರ್ಗಾನಾ ಕಣಿವೆಯ ನಮ್ಮೂರ ಬಜಾರಿನಲ್ಲಿ ಹಾಲು, ಕೆನೆ, ತುಪ್ಪ ಮಾರುವವರೆಲ್ಲ ಬೆಳಗಾದರೆ ನಮ್ಮ ಪ್ರಯೋಗಾಲಯದ ಕಿಟಕಿಗೆ ಬರಬೇಕು. ನಾನು ಪರೀಕ್ಷಿಸಿ, ಶುದ್ಧವೆಂದು ಚೀಟಿ ಬರೆದುಕೊಟ್ಟರಷ್ಟೇ ವ್ಯಾಪಾರ. ಆ ವಸಂತಕ್ಕೆ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು. ಕಳ್ಳರನ್ನು ಹಿಡಿಯುವ ಹುಮ್ಮಸ್ಸು ಬೇಕಾದಷ್ಟಿತ್ತು.

ಸಿಕ್ಕಿಬಿದ್ದವರು ರಿಸೋಲತ್ ಖೋಲಾ. ಊರವರೆಲ್ಲ ಖೋಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ, ಮೂವತ್ತು ವರ್ಷದಿಂದ ತುಪ್ಪ ಮಾರುತ್ತಿದ್ದ ಹಿರಿಯರು. ಗಾಜಿನ ಕೊಳವೆಯಲ್ಲಿ ಅವರ ತುಪ್ಪಕ್ಕೆ ಗಂಧಕದ ದ್ರಾವಣ ಬೆರೆಸಿ ಕುದಿಯುವ ಉಪ್ಪುನೀರಿನಲ್ಲಿಟ್ಟೆ. ಕೊಳವೆ ದಾಳಿಂಬೆ ರಸದಷ್ಟು ಕೆಂಪಾಯಿತು. ಹತ್ತಿಬೀಜದ ಎಣ್ಣೆಯ ಗುರುತು ಅದು.

"ಖೋಲಾ, ಇದಕ್ಕೆ ಎಣ್ಣೆ ಬೆರೆಸಿದ್ದೀರಿ."

"ಎಣ್ಣೆ ಪಲಾವಿಗೆ ಹಾಕ್ತೀನಿ ಮಗಳೇ. ತುಪ್ಪಕ್ಕೆ ಯಾಕೆ ಹಾಕ್ಲಿ?"

"ಕೊಳವೆ ಹೇಳ್ತಿದೆಯಲ್ಲ."

"ನಿನ್ನ ಕೊಳವೆ ನನ್ನ ಹಸೂನ ನೋಡಿದೆಯಾ?"

ನಾನು ಚೀಟಿ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಖೋಲಾ ಹಸುವನ್ನೇ ಹೊಡೆದುಕೊಂಡು ಬಂದು ನಮ್ಮ ಗೇಟಿಗೆ ಕಟ್ಟಿದರು. "ಈಗ ಇವಳನ್ನೇ ಕೇಳು," ಎಂದರು. ಅಷ್ಟರಲ್ಲಿ ಹಸು ನಾವೆಲ್ಲ ಅಕಾ, ಅಂದರೆ ಅಣ್ಣ, ಎನ್ನುತ್ತಿದ್ದ ಮುಖ್ಯಸ್ಥ ಮಿರ್ವೋಹಿದ್ ಅವರ ಗುಲಾಬಿ ಗಿಡಕ್ಕೆ ಬಾಯಿ ಹಾಕಿತ್ತು. ನಮಗೆ ಒಂದು ಹೂವನ್ನೂ ಮುಟ್ಟಗೊಡದ ಮನುಷ್ಯ ಹೊರಗೆ ಬಂದು ನೋಡಿ ನನ್ನನ್ನು ಕೇಳಿದರು.

"ಹುಲ್ಕಾರ್, ಹಸುವಿಗೂ ಚೀಟಿ ಬೇಕಂತಾ?"

ಖೋಲಾ ಎಲ್ಲರೆದುರು ಹಾಲು ಕರೆದರು. ನಾವು ಯಂತ್ರದಲ್ಲಿ ಕೆನೆ ತೆಗೆದು, ಕಾಸಿ, ಮತ್ತೆ ಪರೀಕ್ಷೆ ಮಾಡಿದೆವು. ಮತ್ತೆ ಕೆಂಪು.

"ಏನು ತಿನ್ನಿಸ್ತೀರಿ ಖೋಲಾ?" ಅಕಾ ಕೇಳಿದರು.

"ಚಳಿಗಾಲ ಪೂರ್ತಿ ಹತ್ತಿಹಿಂಡಿ. ಈ ಊರಲ್ಲಿ ಇನ್ನೇನು ಸಿಗುತ್ತೆ?"

ಅಕಾ ಹಣೆ ಉಜ್ಜಿಕೊಂಡು ನನ್ನ ಕಡೆ ತಿರುಗಿದರು. "ಹಿಂಡಿ ತಿಂದ ಹಸುವಿನ ತುಪ್ಪಕ್ಕೂ ಈ ಬಣ್ಣ ಬರುತ್ತೆ. ನಾನೇ ನಿಂಗೆ ಹೇಳ್ಬೇಕಿತ್ತು."

ಆದರೂ ಖೋಲಾ ಮೊದಲ ದಿನ ತಂದಿದ್ದ ತುಪ್ಪದ ಅನುಮಾನ ಬಗೆಹರಿಯಬೇಕಿತ್ತು. ಎಣ್ಣೆಯನ್ನೇ ಬೆರೆಸಿದ್ದರೆ ಗಿಡದ ಸ್ಟೆರಾಲ್ ಎಂಬ ಜಿಡ್ಡಿನ ಅಂಶ ತುಪ್ಪದಲ್ಲಿ ಸಿಕ್ಕೇ ಸಿಗುತ್ತದೆ. ಹಸು ತಿಂದದ್ದಾದರೆ ಅದು ಹಾಲಿಗೆ ಇಳಿಯುವುದಿಲ್ಲ. ಅದನ್ನು ಹುಡುಕುವ ಯಂತ್ರ ತಾಷ್ಕೆಂಟಿನಲ್ಲಿತ್ತು. ಮಾದರಿ ಕಳಿಸಿದೆವು. ನಾಲ್ಕು ದಿನ ಖೋಲಾ ತಮ್ಮ ಜಾಗದಲ್ಲಿ ಬರಿಗೈಲಿ ಕೂತರು. ನಾನು ಊಟಕ್ಕೆ ಹೋಗುವಾಗ ಸುತ್ತುದಾರಿ ಹಿಡಿದೆ.

ಐದನೆಯ ದಿನ ವರದಿ ಬಂತು: ಗಿಡದ ಸ್ಟೆರಾಲ್ ಇಲ್ಲ. ತುಪ್ಪ ಶುದ್ಧ.

ಚೀಟಿ ಬರೆದು ನಾನೇ ಬಜಾರಿಗೆ ತೆಗೆದುಕೊಂಡು ಹೋದೆ. ಎಲ್ಲರೂ ನೋಡುತ್ತಿದ್ದರು. "ಖೋಲಾ, ತಪ್ಪು ನಂದು," ಎಂದು ಹೇಳಿ ವರದಿಯನ್ನು ಓದಿದೆ.

ಖೋಲಾ ತಲೆವಸ್ತ್ರ ಸರಿಮಾಡಿಕೊಂಡರು. "ಇನ್ನೊಂದ್ಸಲ ಓದು ಮಗಳೇ. ಆ ಮೂಲೆ ಮೊಸರಿನವಳಿಗೆ ಕೇಳಿಸಿಲ್ಲ."

ಗಂಟಲು ಸರಿಮಾಡಿಕೊಂಡು, ಮೊಸರಿನವಳ ಕಡೆ ತಿರುಗಿ ಮೊದಲಿಂದ ಓದಿದೆ.