ಹಗೇವಿನ ದೀಪ

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ೧೯೩೮ರಲ್ಲಿ ಪುಣೆಯ ಗ್ರಾಮ ಸುಧಾರಣಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಹತ್ತಿರ ಆ ಒಕ್ಕಾಲು ಮಾತ್ರ ಇತ್ತು. ರೈತರು ಜೋಳವನ್ನು ನೆಲದೊಳಗಿನ ಹಗೇವಿಗೆ ಸುರಿದು ಕೆಡಿಸುತ್ತಾರೆ, ಅವರಿಗೆ ಉಗ್ರಾಣ ಕಟ್ಟಿಸಬೇಕು ಎಂದು ವರದಿ ಬರೆಯಬೇಕಿತ್ತು. ತಳದ ಕಾಳಿನ ಮಾದರಿಗಾಗಿ ಚಾಕಣದ ಹತ್ತಿರದ ಹಳ್ಳಿಗೆ ಹೋದೆ.

ಅಲ್ಲಿ ಮೂರೆಕರೆ ಮಾಡಿಕೊಂಡಿದ್ದ ಮುರುಗೆಪ್ಪ ವಿಜಾಪುರದ ಕಡೆಯವನು. ಕನ್ನಡ ಕಿವಿಗೆ ಬಿದ್ದ ಸಂತೋಷಕ್ಕೆ ನನ್ನನ್ನು ನೆಂಟನಂತೆ ಉಪಚರಿಸಿದ. ಅವನ ಹಗೇವು ಎರಡಾಳು ಆಳ, ಬಹುಪಾಲು ಖಾಲಿ, ಮಳೆಗಾಲದಿಂದ ಮುಚ್ಚಿದ್ದು. ಬಾಯಿಯ ಚಪ್ಪಡಿ ಸರಿಸಿದಾಗ ಹುಳಿ ವಾಸನೆ ಮೇಲೆದ್ದಿತು.

ಅವನ ಹೆಂಡತಿ ಶಿವಬಸವ್ವ ದೂರದಿಂದಲೇ ಹೇಳಿದಳು: “ಇವತ್ತ ಇಳಿಯೂದು ಬ್ಯಾಡ್ರಿ ಸಾಹೇಬ್ರ. ಒಂದ್ ದಿನ ಬಾಯಿ ತೆರದಿಡಬೇಕು. ನಾಳೆ ದೀಪ ಇಳಿಬಿಟ್ಟು ನೋಡೂಣು. ದೀಪ ಆರಿತಂದ್ರ ಒಳಗ ಮನಷ್ಯಾಗೂ ಉಸಿರಿರೂದಿಲ್ಲ.”

ನನಗೆ ಐದು ಗಂಟೆಯ ಮೋಟಾರು ಹಿಡಿಯುವ ಅವಸರ. “ದೀಪಾನ ಬೇಕಲ್ಲಾ?” ಎಂದು ನಕ್ಕು, ಚೀಲದಿಂದ ಹೊಸ ಬ್ಯಾಟರಿ ದೀಪ ತೆಗೆದು ಹೊತ್ತಿಸಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆ. ತಳದ ಜೋಳ ಬೆಳ್ಳಗೆ ಕಂಡಿತು.

“ನೋಡ ತಂಗಿ, ಆರಿತೇನು? ನಿಮ್ಮ ಎಣ್ಣಿ ದೀಪಕ್ಕಿಂತ ಭಾಳ ಛಲೋ ಅದ.”

ಅವಳು ಗಂಡನ ಮುಖ ನೋಡಿದಳು. ಅವನು ನನ್ನ ಮುಖ ನೋಡಿದ. “ಓದಿದವ್ರು ಸುಳ್ಳ ಹೇಳ್ತಾರೇನ?” ಎಂದು ಅವಳನ್ನೇ ಗದರಿ, ಧೋತರ ಮೇಲಕ್ಕೆ ಕಟ್ಟಿ ಏಣಿ ಇಳಿದ.

“ಕಾಳು ಛಲೋ ಅದಾವ್ರಿ” ಎಂದ ಕೆಳಗಿನಿಂದ. ನನ್ನ ವರದಿಗೆ ಒಳ್ಳೆಯ ಕಾಳು ಬೇಕಿರಲಿಲ್ಲ. “ಇನ್ನೂ ತಳದ್ದು ತಗೀರಿ” ಎಂದೆ. ಅವನು ಬಗ್ಗಿದ. ಮತ್ತೆ ಏಳಲಿಲ್ಲ.

ಎರಡು ಸಲ ಕೂಗಿದೆ. ಹೆದರಿಕೆಯಿಂದ ಏಣಿಗೆ ಕಾಲಿಟ್ಟ ನನ್ನನ್ನು ಶಿವಬಸವ್ವ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದಳು. ಮನೆಯೊಳಗೆ ಓಡಿ ಹಣತೆ ಹಚ್ಚಿ ತಂದು, ಬುಟ್ಟಿಯಲ್ಲಿಟ್ಟು ಇಳಿಬಿಟ್ಟಳು. ಆಳೆತ್ತರ ಇಳಿಯುವುದರೊಳಗೆ ಅದು ಆರಿತು.

ಬೆಂಕಿಗೂ ಮನುಷ್ಯನಿಗೂ ಗಾಳಿ ಬೇಕು, ಬ್ಯಾಟರಿಗೆ ಬೇಡ. ಇಷ್ಟು ನನಗೆ ಆಗ ತಿಳಿಯಿತು. ಊರವರು ಕೊಕ್ಕೆ ತಂದು ಅವನನ್ನು ಮೇಲೆಳೆದಾಗ ಮೈ ತಣ್ಣಗಾಗಿತ್ತು.

ಹೊತ್ತು ಮುಳುಗಿತು. ಅಳು ಎದ್ದ ಅಂಗಳದಲ್ಲಿ ಶಿವಬಸವ್ವ ಒಬ್ಬಳೇ ಅಳದೆ ಹಗೇವಿನ ಬಾಯಿಯ ಹತ್ತಿರ ಕೂತಿದ್ದಳು. ನಾನು ಕೈಮುಗಿದು ಮುಂದೆ ನಿಂತೆ. ಅವಳು ತಲೆ ಎತ್ತಲಿಲ್ಲ.

“ಸಾಹೇಬ್ರ, ನಿಮ್ಮ ದೀಪ ತಗೊಂಡ್ ಹೋಗ್ರಿ. ಇನ್ನೂ ಆರಿಲ್ಲ.”